ತೆಂಗಿನಗುಂಡಿಯ ಎರಡು ಬಾಣಂತನ

ಹಾಸಿಗೆಹುಣ್ಣು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಆ ಮೇ ತಿಂಗಳ ಮಧ್ಯಾಹ್ನ ತೆಂಗಿನಗುಂಡಿಯ ಆ ಮನೆಯ ಜಗಲಿ ಹತ್ತಿದಾಗ ಅಂಗಳದಲ್ಲಿ ಹರವಿದ್ದ ಒಣಮೀನಿನ ವಾಸನೆ ಇತ್ತು. ಒಳಕೋಣೆಯ ಬಾಗಿಲು ದಾಟಿದೊಡನೆ ಬೇರೆಯದೇ ವಾಸನೆ ಬಂತು. ಸೀರೆಯ ಸೆರಗಿಗೆ ಕೈ ಹೋಗದಂತೆ ನನ್ನನ್ನು ನಾನೇ ತಡೆದುಕೊಂಡೆ. ಮಲಗಿದ್ದ ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ.

ಹುಡುಗ ಎಂದೆ, ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು. ಏಪ್ರಿಲಿನಲ್ಲಿ ಭಟ್ಕಳದ ಬಂದರಿನಲ್ಲಿ ಮೀನು ಇಳಿಸುವಾಗ ದೋಣಿಯ ಐಸು ತುಂಬುವ ಗುಂಡಿಯೊಳಗೆ ಬೆನ್ನು ಕೆಳಗಾಗಿ ಬಿದ್ದಿದ್ದ. ದಕ್ಷಿಣದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬೆನ್ನುಮೂಳೆಗೆ ಸರಳು ಹಾಕಿ ಕಳಿಸಿದ್ದರು. ಸೊಂಟದ ಕೆಳಗೆ ಅಲುಗಾಟವಿಲ್ಲ, ಮುಟ್ಟಿದ್ದು ತಿಳಿಯುವುದಿಲ್ಲ, ಮೂತ್ರಕ್ಕೆ ನಳಿಗೆ. ನಾನು ಆಗ ಭಟ್ಕಳ ಪೇಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಇಸವಿ ಎರಡು ಸಾವಿರ ದಾಟಿ ಎರಡೋ ಮೂರೋ ವರ್ಷ ಆಗಿತ್ತು. ನಮ್ಮ ಡಾಕ್ಟರು ಅವನನ್ನು ಒಮ್ಮೆ ನೋಡಿ ಬಂದವರು ನನ್ನನ್ನು ಕರೆದು, "ಅವನನ್ನು ರಿಕ್ಷಾದಲ್ಲಿ ಎತ್ತಿ ತರೂದು, ಹಾಕೂದು ಮಾಡಿದ್ರೆ ಗಾಯ ದೊಡ್ಡದಾಗ್ತದೆ. ಡ್ಯೂಟಿ ಮುಗಿಸ್ಕೊಂಡು ನೀವೇ ಹೋಗಿ ಡ್ರೆಸಿಂಗ್ ಮಾಡೂಕಾಗ್ತದಾ?" ಎಂದು ಕೇಳಿದ್ದರು. ಬೆಳಗಿನ ಪಾಳಿ ಮುಗಿದ ಮೇಲೆ ಹೋಗುವುದು ಎಂದು ಒಪ್ಪಿಕೊಂಡಿದ್ದೆ.

ಮನೆಯಲ್ಲಿ ಇದ್ದದ್ದು ಅವನು, ಅವನ ತಾಯಿ, ಹೆರಿಗೆಗೆಂದು ಬಂದಿದ್ದ ತುಂಬು ಗರ್ಭಿಣಿ ತಂಗಿ. ತಾಯಿ ಬುಟ್ಟಿ ಹೊತ್ತು ಮೀನು ಮಾರಿ ಇಬ್ಬರನ್ನೂ ಸಾಕಿದವಳು. ಮಗ ಬಿದ್ದ ದಿನದಿಂದ ಬುಟ್ಟಿ ಮೂಲೆ ಸೇರಿತ್ತು. ಹೊರಳಿಸಬೇಕು ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಒಬ್ಬಳೇ ಹೆಂಗಸು, ಬೆಳೆದ ಗಂಡಸಿನ ಮೈ. ಅವಳು ಎಳೆದು ಎಳೆದು ಹೊರಳಿಸಿದ್ದಳು. ಮತ್ತೆ ಯಾರೋ ಹೇಳಿದರೆಂದು ಗಾಳಿ ತುಂಬುವ ರಬ್ಬರು ಬಳೆ ತಂದು ಅದರ ಮೇಲೆ ಕೂರಿಸಿದ್ದಳು. ದಾರಿಯಲ್ಲಿ ಹೋಗುವವರನ್ನು ನೋಡುತ್ತ ಅವನು ಅರ್ಧ ದಿನ ಕೂತಿರುತ್ತಿದ್ದ. ಬಳೆ ಒತ್ತುತ್ತಲೇ ಇತ್ತು; ನೋವು ತಿಳಿಯದ ಮೈ ಎಲ್ಲಿ ದೂರು ಹೇಳೀತು?

ಮಗ್ಗುಲಿಗೆ ತಿರುಗಿಸಿ ನೋಡಿದೆ. ಬೆನ್ನು ಮುಗಿದು ಕುಂಡೆ ಶುರುವಾಗುವಲ್ಲಿ ಚಹಾ ಕಪ್ಪಿನ ಬಾಯಷ್ಟು ಅಗಲದ ಗುಂಡಿ. ಒಳಗೆ ಹಳದಿ ಬೂದು ಪೊರೆ, ಅಂಚು ಕಪ್ಪು. ಅದರ ಮೇಲೆ ಅರಸಿನ ಮತ್ತು ಯಾವುದೋ ಬೇರಿನ ಪುಡಿ ಒಣಗಿ ಗಟ್ಟಿಯಾಗಿ ಕೂತಿತ್ತು.

"ಎಷ್ಟು ಬೇಜಾರಾದ್ರೂ ಹೇಳಿಬಿಡಿ ಬಾಯೋರೇ," ಎಂದಳು ತಾಯಿ. ನಮ್ಮ ಕಡೆ ಹಳಬರಿಗೆ ನರ್ಸೆಂದರೆ ಇನ್ನೂ ನರ್ಸಬಾಯಿ. "ನನ್ನ ಮಗನ ಮೈಯಾಗೆ ಹುಳ ಆತಾ?"

"ಹುಳ ಎಂತದೂ ಆಗ್ಲಿಲ್ಲ ಅಮ್ಮ. ಪುಡಿ ಮಾತ್ರ ಇನ್ನು ಹಾಕೂದು ಬೇಡ," ಎಂದೆ.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ, ಬಿಡದೆ ಮಾಡಬೇಕಾದದ್ದು. ಕುದಿಸಿ ಆರಿಸಿದ ನೀರಿಗೆ ಅಳತೆಯ ಉಪ್ಪು ಹಾಕಿ ತೊಳೆಯುವುದು. ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟ ಹತ್ತಿಬಟ್ಟೆಯನ್ನು ಅದೇ ನೀರಿನಲ್ಲಿ ಅದ್ದಿ, ಹಿಂಡಿ, ಗುಂಡಿಯೊಳಗೆ ಸಡಿಲವಾಗಿ ತುಂಬುವುದು; ಗಿಡಿದು ತುಂಬಿದರೆ ಅದೇ ಒತ್ತುತ್ತದೆ. ಸತ್ತ ಪೊರೆಯನ್ನು ವಾರಕ್ಕೊಮ್ಮೆ ಡಾಕ್ಟರು ಬಂದು ಕತ್ತರಿಯಿಂದ ತೆಗೆಯುತ್ತಿದ್ದರು. ಮಲ ಗಾಯಕ್ಕೆ ತಾಗದಂತೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹೊಟ್ಟೆ ಖಾಲಿ ಮಾಡಿಸುವ ಅಭ್ಯಾಸ. ಮೂತ್ರದ ನಳಿಗೆ ತೊಡೆಯ ಅಡಿಗೆ ಸಿಕ್ಕದ ಹಾಗೆ, ಚೀಲ ಯಾವಾಗಲೂ ಹಾಸಿಗೆಗಿಂತ ಕೆಳಗೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಎಡ ಮಗ್ಗುಲು, ಬಲ ಮಗ್ಗುಲು, ಕವುಚಿ. ಅಂಗಾತ ಮಾತ್ರ ಇಲ್ಲವೇ ಇಲ್ಲ.

ಅದಕ್ಕೆ ಜನ ಬೇಕಿತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ದೋಣಿಗಳು ದಡ ಹತ್ತಿದ್ದು ನನಗೆ ಅನುಕೂಲವಾಯಿತು. ಅವನ ದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ, ದಿನವೂ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದ. ಒಳಗೆ ಬರುವ ಧೈರ್ಯ ಇರಲಿಲ್ಲ. ಒಂದು ದಿನ ನಾನೇ ಕರೆದೆ.

"ಹೊರಗೆ ನಿಂತು ಎಂತ ಮಾಡ್ತ್ರಿ? ಬಂದು ಈ ಬಟ್ಟೆ ಹಿಡೀರಿ."

ಹುಡುಗನ ಮೈ ಕೆಳಗೆ ಅಡ್ಡ ಹಾಸಿದ ದಪ್ಪ ಬಟ್ಟೆಯನ್ನು ಎರಡೂ ಕಡೆಯಿಂದ ಸುತ್ತಿ ಹಿಡಿದು, ಮೈಯನ್ನು ಎಳೆಯದೆ ಎತ್ತಿ ಸರಿಸುವುದನ್ನು ತೋರಿಸಿದೆ. ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮಾಂಸ ಮಾತ್ರ ಜಾರುತ್ತದೆ, ಅಲ್ಲೇ ಮುಂದಿನ ಹುಣ್ಣಿಗೆ ಜಾಗ ಆಗುತ್ತದೆ. ತಾಂಡೇಲ ಒಂದು ಸಲ ನೋಡಿ ತಲೆಯಾಡಿಸಿ, ದೋಣಿಯ ಇನ್ನಿಬ್ಬರನ್ನು ಕರೆದು ತಂದ. ಎತ್ತುವಾಗ ಅವರ ಬಾಯಿಗೆ ತಾನಾಗಿಯೇ ಬಲೆ ಎಳೆಯುವ ಕೂಗು ಬಂತು. ಅಷ್ಟು ದಿನ ಮುಖ ಗಂಟು ಹಾಕಿಕೊಂಡಿದ್ದ ಹುಡುಗ, "ಸಾಕ್ರೋ, ನಾನೆಂತ ಬಂಗಡೆ ರಾಶಿಯಾ?" ಎಂದ. ಅವನ ದನಿ ನಾನು ಸರಿಯಾಗಿ ಕೇಳಿದ್ದು ಅವತ್ತೇ ಮೊದಲು. ಆಮೇಲೆ ದೋಣಿಯವರು ತಮ್ಮೊಳಗೇ ಪಾಳಿ ಹಾಕಿಕೊಂಡರು.

ನನ್ನ ಊರು ಕುಮಟೆಯ ಹತ್ತಿರದ ಹೊಳನಗದ್ದೆ. ರಜೆಯಲ್ಲಿ ಮನೆಗೆ ಹೋಗಿ ಬರುವಾಗ ಹೊನ್ನಾವರದಲ್ಲಿ ಇಳಿದು ಒಂದು ಮನೆಯಿಂದ ನೀರಿನ ಹಾಸಿಗೆ ತಂದೆ. ಆ ಮನೆಯ ಅಜ್ಜನನ್ನು ಕೊನೆಗಾಲದಲ್ಲಿ ನೋಡಿಕೊಂಡಿದ್ದೆ; ರಬ್ಬರಿನ ಹಾಸಿಗೆ ಅಟ್ಟದ ಮೇಲೆ ಪೌಡರು ಹಾಕಿ ಮಡಿಚಿಟ್ಟಿದ್ದರು. ಕೇಳಿದ ಕೂಡಲೇ ಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರು, "ಇದೆಂತ ಬಾಯೋರೇ, ಆನೆ ಚರ್ಮವಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಅದಕ್ಕೆ ಬಾವಿಯ ನೀರು ತುಂಬುವಾಗ ತಾಂಡೇಲ ಗಟ್ಟಿಯಾಗುವವರೆಗೆ ತುಂಬಿಬಿಟ್ಟಿದ್ದ. ಮೈ ಒಳಗೆ ಇಳಿಯುವಷ್ಟು ಮೆತ್ತಗಿರಬೇಕು, ತಳಕ್ಕೆ ತಾಗಬಾರದು. ಅರ್ಧ ನೀರು ಹೊರಗೆ ಬಿಟ್ಟು, ಅಡಿಗೆ ಕೈ ಹಾಕಿ ನೋಡಿ ಸರಿ ಮಾಡಿದೆ.

ಇಷ್ಟೆಲ್ಲ ಮಾಡಿಯೂ ಗಾಯ ಕೂಡಲಿಲ್ಲ.

ವಾಸನೆ ಹೋಯಿತು. ಪೊರೆ ಹೋಯಿತು. ಆದರೆ ತಳದಲ್ಲಿ ಬರಬೇಕಾದ ಕೆಂಪು ಬರಲಿಲ್ಲ. ತೊಳೆದ ಮೀನಿನ ಮಾಂಸದ ಹಾಗೆ ಬಿಳಿಚಿಕೊಂಡು, ನೀರು ಜಿನುಗುತ್ತ, ಅಷ್ಟರಲ್ಲೇ ನಿಂತಿತು. ಜೂನ್ ಮುಗಿಯುವ ಹೊತ್ತಿಗೆ ಎದೆಯ ಎಲುಬು ಎಣಿಸಬಹುದಾಗಿತ್ತು. ಸಣ್ಣ ಜ್ವರ ಬಂದು ಹೋಗುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಹೊರಗೆ ಜಗಲಿಯಲ್ಲಿ ನನ್ನೊಡನೆ ತಗ್ಗಿದ ದನಿಯಲ್ಲಿ ಹೇಳಿದರು: "ಮೈಯಲ್ಲಿ ಸತ್ವ ಇಲ್ಲ. ಹೀಗೇ ಇದ್ರೆ ಮೂಳೆಗೆ ಇಳೀತದೆ. ವಾಪಸ್ಸು ದೊಡ್ಡ ಆಸ್ಪತ್ರೆಗೆ ಕಳಿಸಿ ಮಾಂಸ ಕೂಡಿಸುವ ಆಪರೇಷನ್ ಮಾಡಿಸಬೇಕು. ಆದ್ರೆ ಈ ಮೈ ಆಪರೇಷನ್ನನ್ನಾದ್ರೂ ತಡೀತದಾ ಗೊತ್ತಿಲ್ಲ."

"ಸ್ವಲ್ಪ ದಿನ ಕೊಡಿ ಸರ್," ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಊಟದ ಬಗ್ಗೆ ಮೊದಲ ದಿನವೇ ಹೇಳಿದ್ದೆ: ಮೀನು, ಮೊಟ್ಟೆ, ಬೇಳೆ, ಹಾಲು. ತಾಯಿ "ಆತು ಬಾಯೋರೇ, ಆತು" ಎಂದಿದ್ದಳು. ನಾನು ಹೋಗುವ ಹೊತ್ತಿಗೆ ಊಟ ಮುಗಿದಿರುತ್ತಿತ್ತು.

ಅಷ್ಟರಲ್ಲಿ ತಂಗಿಗೆ ನಮ್ಮ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು. ಕೆಳಗೆ ಕೆಲವು ಹೊಲಿಗೆ ಬಿದ್ದಿದ್ದವು. ತಾಯಿಮಗುವನ್ನು ಮನೆಗೆ ಕಳಿಸಿದ ಮಾರನೆಯ ದಿನ ನನಗೆ ವಾರದ ರಜೆ. ಬಾಣಂತಿಯನ್ನೂ ನೋಡಿದಂತಾಗುತ್ತದೆ ಎಂದು ಮಧ್ಯಾಹ್ನಕ್ಕೆ ಮೊದಲೇ ಹೋದೆ.

ಅಣ್ಣ ತಂಗಿ ಇಬ್ಬರೂ ಊಟ ಮಾಡುತ್ತಿದ್ದರು. ತಂಗಿಯ ಬಟ್ಟಲಲ್ಲಿ ಬಿಸಿ ಅನ್ನ, ಕಾಳುಮೆಣಸು ಬೆಳ್ಳುಳ್ಳಿ ಅರೆದು ಹಾಕಿದ ನೊಗಲಿ ಮೀನಿನ ಸಾರು. ದಕ್ಷಿಣದವರು ಕಾಣೆ ಎನ್ನುವ, ಮುಳ್ಳು ಕಡಿಮೆಯ ಆ ಬಿಳಿ ಮೀನು ನಮ್ಮಲ್ಲಿ ಬಾಣಂತಿಯರ ಮೀನು. ಅಣ್ಣನ ಬಟ್ಟಲಲ್ಲಿ ತೆಳ್ಳಗಿನ ಗಂಜಿ, ಉಪ್ಪು, ಒಂದು ಚೂರು ಸುಟ್ಟ ಹಪ್ಪಳ.

"ಇವನ ಮೀನೆಲ್ಲಿ?" ಎಂದು ಕೇಳಿದೆ.

ತಾಯಿ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ಆಮೇಲೆ, "ಬಾಯೋರೇ, ಸಿಟ್ಟು ಮಾಡ್ಬೇಡಿ. ಗಾಯ ಇದ್ದವಂಗೆ ಮೀನು ಕೊಡೂಕಾಗೂದಿಲ್ಲ. ನಂಜು ಏರ್ತದೆ. ನನ್ನ ಗಂಡಂಗೆ ಕಾಲಿಗೆ ಮೊಳೆ ಚುಚ್ಚಿ ಗಾಯ ಆದಾಗ ಬಂಗಡೆ ತಿಂದ. ಎಂಟನೇ ದಿನಕ್ಕೆ ಹೋದ. ನಾ ಕಣ್ಣಾರೆ ಕಂಡದ್ದು," ಎಂದಳು.

ನಾನು ಪುಸ್ತಕದಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಗಾಯದಿಂದ ದಿನವೂ ಸತ್ವ ಸೋರಿಹೋಗುತ್ತದೆ, ಹೊಸ ಮಾಂಸ ಬೆಳೆಯಲು ಮೀನು ಮೊಟ್ಟೆ ಬೇಕೇ ಬೇಕು, ಗಂಜಿಯಿಂದ ಆಗುವುದಿಲ್ಲ ಎಂದೆ. ಅವಳು ಮರ್ಯಾದೆಯಿಂದ ಕೇಳಿಸಿಕೊಂಡಳು. ಅವಳ ಕಣ್ಣ ಮುಂದೆ ಇದ್ದದ್ದು ನನ್ನ ಪುಸ್ತಕವಲ್ಲ, ಸತ್ತ ಗಂಡ. ಊರಿಗೆಲ್ಲ ಮೀನು ಮಾರಿದವಳು ಮಗನ ಬಟ್ಟಲಿಗೆ ಒಂದು ತುಂಡು ಹಾಕದೆ ಇಷ್ಟು ದಿನ ಕಳೆದದ್ದು ಜಿಪುಣತನದಿಂದಲ್ಲ, ಅವನನ್ನು ಉಳಿಸಿಕೊಳ್ಳಬೇಕೆಂದು. ಅದು ಅರ್ಥವಾದ ಮೇಲೆ ನನ್ನ ದನಿ ತಾನಾಗಿ ಇಳಿಯಿತು.

ಸುಮ್ಮನೆ ಬಾಣಂತಿಯ ಕಡೆ ತಿರುಗಿ ಹೊಲಿಗೆ ಹೇಗಿದೆ ಎಂದು ಕೇಳಿದೆ.

"ನೋವು ಕಮ್ಮಿ ಆತು," ಎಂದಳು ಹುಡುಗಿ.

"ಆಗದೆ ಇರ್ತದಾ?" ತಾಯಿಗೆ ಉತ್ಸಾಹ ಬಂತು. "ನೊಗಲಿ ಸಾರು ತಿಂದ್ರೆ ಹೊಲಿಗೆ ಬೇಗ ಕೂಡ್ತದೆ. ನಮ್ಮಮ್ಮ ನನಗೂ ಅದೇ ಮಾಡಿ ಹಾಕಿದ್ದು."

"ಅಮ್ಮ, ಇವಳದ್ದೂ ಗಾಯ ಅಲ್ವಾ?"

"ಅದು ಬಾಣಂತಿ ಗಾಯ. ಬಾಣಂತಿಗೆ ನೊಗಲಿ ನಂಜಲ್ಲ."

"ಹಾಗಾದ್ರೆ ಇವಂಗೂ ಬಾಣಂತನ ಮಾಡಿ."

ಮೊದಲು ನಕ್ಕವಳು ತಂಗಿ. ನಕ್ಕ ಕೂಡಲೇ ಹೊಲಿಗೆ ಎಳೆದು "ಅಯ್ಯಯ್ಯೋ" ಎಂದು ಹೊಟ್ಟೆ ಹಿಡಿದುಕೊಂಡಳು. ಹುಡುಗ ಬಟ್ಟಲನ್ನು ದೂರ ತಳ್ಳಿ ಗೋಡೆಗೆ ಮುಖ ಮಾಡಿದ. "ನಡ ಹೋತು. ಇನ್ನು ನನ್ನ ಹೆಂಗಸೂ ಮಾಡ್ತೀರಾ?" ಎಂದ.

ನಾನು ತಾಯಿಯ ಮುಖ ನೋಡುತ್ತಿದ್ದೆ. ಅವಳು ಮಗಳನ್ನು ನೋಡಿದಳು, ಮಗನನ್ನು ನೋಡಿದಳು. ಮಣೆ ಎಳೆದು ಕೂತಳು. "ನೊಗಲಿ ಒಂದೇ. ಬಂಗಡೆ ತಾರ್ಲೆ ನಾ ಸತ್ತರೂ ಹಾಕೂದಿಲ್ಲ," ಎಂದಳು.

"ಬೇಡ. ನೊಗಲಿ ಸಾಕು. ಅದ್ರ ಸಂಗಡ ಬಾಣಂತಿಗೆ ಎಂತೆಲ್ಲ ಕೊಡ್ತ್ರೋ ಅದೆಲ್ಲ."

ರಜೆಯೆಂದು ನಾನು ಅಲ್ಲೇ ಉಳಿದುಕೊಂಡಿದ್ದೆ. ಸಂಜೆ ಅವಳು ಬಟ್ಟಲು ತಂದಾಗ ಹುಡುಗ ಬಾಯಿ ತೆರೆಯಲಿಲ್ಲ. ತಾಯಿ, ತಂಗಿ ಅಡುಗೆಮನೆಗೆ ಹೋದ ಮೇಲೆ ನನ್ನನ್ನು ಕರೆದ.

"ಬಾಯೋರೇ, ಒಂದು ಕೇಳ್ತೆ. ಸುಳ್ಳು ಹೇಳೂಕಾಗ. ನಾ ಮತ್ತೆ ನಡೀತೇನಾ?"

"ಡಾಕ್ಟರು ಎಂತ ಹೇಳಿದಾರೆ?"

"ನೋಡುವ ಅಂತಾರೆ. ಎಲ್ಲಾರೂ ನೋಡುವ ಅಂತಾರೆ."

ಇಂಥ ಪ್ರಶ್ನೆಯನ್ನು ಡಾಕ್ಟರ ಕಡೆ ದಾಟಿಸಬೇಕು ಎಂದು ನಮಗೆ ಕಲಿಸಿರುತ್ತಾರೆ. ಅವನು ಡಾಕ್ಟರನ್ನೂ ಕೇಳಿ ಆಗಿತ್ತು. "ನನಗೆ ಕಾಣೂ ಹಾಗೆ, ಕಾಲು ಬರೂದಿಲ್ಲ," ಎಂದೆ. "ಆದ್ರೆ ಗಾಯ ವಾಸಿ ಆಗ್ತದೆ. ಕುರ್ಚಿಯಲ್ಲಿ ಕೂತ್ಕೊಳ್ತಿ. ಎರಡೂ ಕೈ ಮೊದಲಿನ ಹಾಗೇ ಇದೆ. ಅದಕ್ಕೆ ಈ ಮೀನು ಬೇಕು."

ಮಗ್ಗುಲಾಗಿ ಮಲಗಿದ್ದವನು ದಿಂಬಿಗೆ ಕೆನ್ನೆ ಒತ್ತಿದ. ಕಣ್ಣಿನಿಂದ ನೀರು ಮೂಗು ದಾಟಿ ದಿಂಬಿಗೆ ಇಳಿಯಿತು. ನಾನು ಒರೆಸಲು ಹೋಗಲಿಲ್ಲ. ಕೊನೆಗೆ, "ಹೇಳಿದ್ರಲ್ಲ, ಅಷ್ಟು ಸಾಕು," ಎಂದು ಬಟ್ಟಲಿಗೆ ಕೈ ಚಾಚಿದ.

ಮಳೆಗಾಲದಲ್ಲಿ ನೊಗಲಿ ಸಿಗುವುದು ಸುಲಭವಲ್ಲ. ದೊಡ್ಡ ದೋಣಿಗಳು ಇಳಿಯುವಂತಿಲ್ಲ. ತಾಂಡೇಲ ಮಳೆ ಬಿಟ್ಟ ಹೊತ್ತು ನೋಡಿ ಹೊಳೆಬಾಯಿಯಲ್ಲಿ ಬೀಸುಬಲೆ ಹಾಕತೊಡಗಿದ. ಸಿಕ್ಕಿದ್ದರಲ್ಲಿ ನೊಗಲಿ ಆರಿಸಿ ಬಾಗಿಲಿಗೆ ತಂದು, "ಬಾಣಂತಿಯರಿಗೆ" ಎಂದು ಕೊಟ್ಟು ಹೋಗುತ್ತಿದ್ದ. ಮೀನು ಸಿಗದ ದಿನ ತಾಯಿ ಹೆಸರುಕಾಳು ಬೇಯಿಸಿದಳು, ತುಪ್ಪ ಹಾಕಿ ಮೆಂತೆ ಗಂಜಿ ಮಾಡಿದಳು. ಇಬ್ಬರಿಗೂ ಒಂದೇ ಪಾತ್ರೆ.

ಆದರೆ ಅವಳು ಯಾವ ಕೆಲಸವನ್ನೂ ಅರ್ಧ ಮಾಡುವವಳಲ್ಲ. ಬಾಣಂತನ ಎಂದ ಮೇಲೆ ಬಾಣಂತನ. ಒಂದು ದಿನ ಹೋಗಿ ನೋಡಿದರೆ ಬಾಣಂತಿಯ ಕೆಂಡದ ಮಡಕೆ ಅಣ್ಣನ ಹಾಸಿಗೆಯ ಬುಡದಲ್ಲಿತ್ತು. "ಕಾಲು ತಣ್ಣಗಿತ್ತು, ಬಟ್ಟೆ ಕಾಸಿ ಇಟ್ಟೆ," ಎಂದಳು ಸಂತೋಷದಿಂದ. ಬಟ್ಟೆ ತೆಗೆದೆ. ಎಡ ಹಿಮ್ಮಡಿಯಲ್ಲಿ ದೊಡ್ಡ ಬೊಕ್ಕೆ ಎದ್ದಿತ್ತು. ಅವನು ನಗುತ್ತ ಮಗುವನ್ನು ನೋಡುತ್ತಿದ್ದ. ಸುಟ್ಟದ್ದೇ ಅವನಿಗೆ ತಿಳಿದಿರಲಿಲ್ಲ.

ತಾಯಿ ನೆಲಕ್ಕೆ ಕುಸಿದಳು. "ನನ್ನ ಕೈಯಾರೆ ಸುಟ್ಟೆನಲ್ಲ," ಎಂದು ಹಣೆ ಚಚ್ಚಿಕೊಂಡಳು. ಬೊಕ್ಕೆ ಒಡೆಯದಂತೆ ತಣ್ಣೀರು ಬಿಟ್ಟು, ಸಡಿಲ ಪಟ್ಟಿ ಕಟ್ಟಿ, ಹಿಮ್ಮಡಿ ಎಲ್ಲಿಗೂ ತಾಗದಂತೆ ಕಣಕಾಲಿನ ಅಡಿಗೆ ದಿಂಬು ಕೊಟ್ಟೆ. ಬಾಣಂತನ ಮಾಡಿ ಎಂದವಳು ನಾನು. ಏನು ಬಿಡಬೇಕು ಎಂಬುದನ್ನೂ ನಾನೇ ಹೇಳಬೇಕಿತ್ತು. ಅವತ್ತು ತೊಟ್ಟಿಲ ಪಕ್ಕ ಕೂತು ಮೂವರಿಗೂ ಒಟ್ಟಿಗೆ ತೋರಿಸಿದೆ. ಮಗುವಿನ ನೀರನ್ನು ಮೊಣಕೈ ಅದ್ದಿ ನೋಡುತ್ತೀರಲ್ಲ, ಇವನ ನೀರನ್ನೂ ಹಾಗೇ ನೋಡಬೇಕು. ಮಗುವಿನ ತೊಡೆಸಂದು ಒದ್ದೆ ಬಿಡುವುದಿಲ್ಲವಲ್ಲ, ಇವನದ್ದೂ ಅಷ್ಟೇ. ಎಣ್ಣೆ ಹಚ್ಚಿ, ಆದರೆ ಕೆಂಪಾದ ಎಲುಬಿನ ಮೇಲೆ ತಿಕ್ಕಬೇಡಿ. ಬೆಂಕಿ ಮಾತ್ರ ಈ ಕೋಣೆಗೇ ಬೇಡ. ಮಗುವಾದರೆ ಬಿಸಿ ತಾಗಿದರೆ ಅಳುತ್ತದೆ.

"ಇವಂಗೆ ಅಳೂಕೂ ಬರೂದಿಲ್ಲ," ಎಂದಳು ತಂಗಿ.

"ಅದ್ಕೆ ನಾವೇ ಕಣ್ಣಿಟ್ಟು ನೋಡೂದು," ಎಂದಳು ತಾಯಿ, ಮೂಗು ಒರೆಸಿಕೊಂಡು.

ಕೈಗನ್ನಡಿ ತಂದು ಅವನ ಕೈಗೇ ಕೊಟ್ಟೆ. ಬೆನ್ನು, ಹಿಮ್ಮಡಿ, ಸೊಂಟದ ಮಗ್ಗುಲು ಇವನ್ನು ದಿನಕ್ಕೆರಡು ಸಲ ತಾನೇ ನೋಡಬೇಕು, ಕೆಂಪು ಕಂಡರೆ ಹೇಳಬೇಕು. ಮೊದಲ ಸಲ ಕನ್ನಡಿಯಲ್ಲಿ ತನ್ನ ಗಾಯ ಕಂಡು ಅವನು ಬೆವರಿಬಿಟ್ಟ. ಮರುದಿನ ತಾಂಡೇಲನಿಗೆ ಹೇಳಿ ದೋಣಿಯ ಹಗ್ಗ ತರಿಸಿ ಮಾಡಿನ ಪಕ್ಕಾಸಿಗೆ ಕಟ್ಟಿಸಿದ. ಇಳಿಬಿಟ್ಟ ತುದಿಯಲ್ಲಿ ಕೈ ಹಿಡಿಯುವ ಗಂಟು ಸರಿಯಿಲ್ಲವೆಂದು ಬಿಚ್ಚಿಸಿ, ತಾನೇ ಮಲಗಿದಲ್ಲಿಂದ ಹಾಕಿದ. ಅದನ್ನು ಹಿಡಿದು ಮೈಯ ಮೇಲ್ಭಾಗವನ್ನು ಎಳೆದುಕೊಳ್ಳುವುದು, ಆಮೇಲೆ ಕೈಯಿಂದ ಒಂದೊಂದೇ ಕಾಲನ್ನು ದಾಟಿಸುವುದು. ತಿಂಗಳೊಳಗೆ ಪಾಳಿಯವರು ಬಂದು ಕೈಕಟ್ಟಿ ನೋಡುವಂತಾಯಿತು. ಕವುಚಿ ಮಲಗಿದಾಗ ಎದೆಯಡಿಗೆ ದಿಂಬು, ಎದುರಿಗೆ ಚಾಪೆಯ ಮೇಲೆ ತಂಗಿಯ ಮಗು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಇರುತ್ತಿದ್ದರು.

ಗಾಯದ ತಳದಲ್ಲಿ ಕೆಂಪು ಕಂಡದ್ದು ಆಗಸ್ಟಿನ ಒಂದು ಬಿಸಿಲು ಬಂದ ಮಧ್ಯಾಹ್ನ. ಪಟ್ಟಿ ತೆಗೆದಾಗ ಹತ್ತಿಬಟ್ಟೆಯ ತುದಿಗೆ ಒಂದು ಹನಿ ತಾಜಾ ರಕ್ತ. ಬಗ್ಗಿ ನೋಡಿದೆ: ದಾಳಿಂಬೆ ಕಾಳಿನ ಹಾಗೆ ಹೊಸ ಮಾಂಸ ಅಲ್ಲಲ್ಲಿ ಎದ್ದಿತ್ತು. ತಾಯಿಯನ್ನು ಕರೆದು ತೋರಿಸಿದೆ. "ರಕ್ತ ಬಂತಲ್ಲ!" ಎಂದು ಹೆದರಿದಳು. "ಬರಬೇಕು ಅಮ್ಮ. ಜೀವ ಇದ್ದಲ್ಲಿ ರಕ್ತ," ಎಂದೆ. ಮುಂದಿನ ವಾರ ಡಾಕ್ಟರು ಬಂದವರು ಕತ್ತರಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಗಾಯವನ್ನು ನೋಡಿ, ಅವನ ತೋಳು ಹಿಡಿದು ನೋಡಿ, "ಎಂತ ಮದ್ದು ಕೊಟ್ರಿ ಸಿಸ್ಟರ್?" ಎಂದರು. "ಅಮ್ಮನ್ನ ಕೇಳಿ ಸರ್," ಎಂದೆ. ಆಪರೇಷನ್ನಿನ ಮಾತು ಮತ್ತೆ ಬರಲಿಲ್ಲ.

ಅಂಚಿನಿಂದ ತೆಳ್ಳಗಿನ ಗುಲಾಬಿ ಚರ್ಮ ಒಳಗೆ ಹರಿದು ಬರಲು ಇನ್ನೂ ಬಹಳ ದಿನ ಹಿಡಿಯಿತು. ಮಳೆ ನಿಂತಿತು, ದೋಣಿಗಳು ಕಡಲಿಗೆ ಇಳಿದವು, ಪಾಳಿಯವರು ಕೆಲಸಕ್ಕೆ ಹೋದರು. ಯಾರಿಲ್ಲದಿದ್ದರೂ ನಡೆಯುವ ಹಾಗೆ ಆಗಿತ್ತು. ನಮ್ಮ ಡಾಕ್ಟರು ಎಲ್ಲಿಂದಲೋ ಗಾಲಿಕುರ್ಚಿ ಹೊಂದಿಸಿಕೊಟ್ಟರು. ಮೊದಲು ಸ್ವಲ್ಪ ಹೊತ್ತು, ಆಮೇಲೆ ಇನ್ನೂ ಸ್ವಲ್ಪ. ಕೂತಷ್ಟು ಹೊತ್ತೂ ಆಗಾಗ ಕುರ್ಚಿಯ ತೋಳಿಗೆ ಕೈ ಊರಿ ಮೈಯನ್ನು ಪೂರ್ತಿ ಮೇಲೆತ್ತಿ ಹಿಡಿಯಬೇಕು ಎಂದು ಕಲಿಸಿದೆ. ಇದನ್ನು ಕಲಿಸುವುದು ಸುಲಭ, ಮೈಗೂಡಿಸುವುದು ಕಷ್ಟ. ದಿನವೂ ನೆನಪಿಸುತ್ತಿದ್ದೆ, ಅವನು ದಿನವೂ "ಆತು, ಆತು" ಎನ್ನುತ್ತಿದ್ದ.

ದೀಪಾವಳಿ ಕಳೆದ ಮೇಲೆ ಒಂದು ದಿನ ಪಟ್ಟಿ ಬಿಚ್ಚಿದೆ, ಮತ್ತೆ ಕಟ್ಟಲಿಲ್ಲ. ಕಟ್ಟಲು ಏನೂ ಇರಲಿಲ್ಲ. ಹೊಳೆಯುವ, ನೆರಿಗೆ ಬಿದ್ದ ಒಂದು ಕಲೆ ಅಷ್ಟೇ. ತಂದ ಹತ್ತಿಬಟ್ಟೆಯನ್ನು ಹಾಗೇ ಚೀಲಕ್ಕೆ ಹಾಕಿದೆ. ತಾಯಿ ಅವತ್ತು ಮತ್ತೆ ಬುಟ್ಟಿ ಹೊತ್ತು ಪೇಟೆಗೆ ಹೋಗಿ ಬಂದಿದ್ದಳು. ಕಾಲಿಗೆ ಇನ್ನೂ ಮಣ್ಣಿತ್ತು.

"ಇವತ್ತು ನಿಮಗೆ ಎಂತ ಕೆಲಸ ಇಲ್ಲ ಬಾಯೋರೇ. ಕೂಡ್ರಿ, ಉಂಡು ಹೋಗಿ," ಎಂದಳು.

ಜಗಲಿಯಲ್ಲೇ ಊಟಕ್ಕೆ ಕೂತೆವು. ಹುಡುಗ ಕುರ್ಚಿಯಲ್ಲಿ, ಪಕ್ಕದಲ್ಲಿ ಹರಿದ ಬಲೆಯ ರಾಶಿ. ಅದನ್ನು ಹೆಣೆದು ಕೊಡುವ ಕೆಲಸ ತಾಂಡೇಲ ಅವನಿಗೆ ವಹಿಸಿದ್ದ. ಈ ಸಲದ ಬಲೆಯ ನೂಲು ಸರಿಯಿಲ್ಲ, ಎರಡು ಸಲ ಕಡಲಿಗೆ ಹೋಗಿ ಬರುವುದರೊಳಗೆ ಹರಿಯುತ್ತದೆ, ತಾಂಡೇಲ ಹೇಳಿದರೆ ಕೇಳುವುದಿಲ್ಲ ಎಂದು ಅವನು ನನಗೆ ದೂರುತ್ತಿದ್ದ. ಹಾಗೆ ಹೇಳುತ್ತ ಹೇಳುತ್ತಲೇ ಎರಡೂ ಕೈಯನ್ನು ಕುರ್ಚಿಯ ತೋಳಿಗೆ ಊರಿದ, ಮೈಯನ್ನು ಮೇಲೆತ್ತಿದ, ತೋಳಿನ ನರ ಉಬ್ಬಿದ್ದು ಕಂಡಿತು, ಅಷ್ಟು ಹೊತ್ತು ಹಿಡಿದು ಮೆಲ್ಲಗೆ ಇಳಿದ. ನಾನು ನೆನಪಿಸಿರಲಿಲ್ಲ, ಯಾರೂ ನೆನಪಿಸಿರಲಿಲ್ಲ. ಅವನಿಗೂ ಅದರ ಗಮನ ಇದ್ದಂತಿರಲಿಲ್ಲ. ನೂಲಿನ ಮಾತು ಮಾತ್ರ ನಡೆದೇ ಇತ್ತು.